ಪಟ್ಟಿ ಸುತ್ತಿದ ಅಂಗೈ

ಸ್ಪಿರಿಟ್ಟಿನ ವಾಸನೆ ಬಂದರೆ ನನಗೆ ಈಗಲೂ ಜಮಖಂಡಿಯ ದವಾಖಾನೆ ನೆನಪಾಗುತ್ತದೆ. ಮುಧೋಳದ ಡಾಕ್ಟರ ಬಾಗಿಲ ಹೊರಗೆ ಕೂತಿದ್ದೇನೆ. ನನ್ನ ಎದೆಯ ಎಕ್ಸ್‌ರೇ ಹಿಡಿದು ಮಗ ಒಳಗೆ ಹೋಗಿದ್ದಾನೆ. ಎದೆ ನನ್ನದು, ಹೊರಗೆ ಕಾಯುವ ಬೆಂಚೂ ನನಗೇ. ಹೊತ್ತು ಹೋಗಲೆಂದು ನಿಮಗೆ ನನ್ನ ಸೋದರತ್ತೆಯ ಸಂಗತಿ ಹೇಳುತ್ತೇನೆ.

ಬನಹಟ್ಟಿಯ ಅತ್ತೆಗೆ ಕರುಳು ತಿರುಚಿಕೊಂಡು ಜಮಖಂಡಿಯ ದವಾಖಾನೆಗೆ ತಂದಾಗ, ಬಿ.ಎ.ಯಲ್ಲಿ ತತ್ವಶಾಸ್ತ್ರ ಓದಿದ ಮಹಾಜ್ಞಾನಿ ನಾನೂ ಜೊತೆಗಿದ್ದೆ. ಕೂಡಲೇ ಹೊಟ್ಟೆ ಕೊಯ್ಯದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಮೈಮೇಲಿನದೆಲ್ಲ ತೆಗೆಯಬೇಕು ಎಂದಳು ನರ್ಸು.

"ತಾಳಿ ತಗೋರಿ, ಬಳಿ ಒಡೀರಿ," ಎಂದಳು ಅತ್ತೆ, ಗಂಡ ಎದುರಿಗೇ ನಿಂತಿದ್ದಾಗ. "ಲಿಂಗ ಮಾತ್ರ ಮುಟ್ಟಬ್ಯಾಡ್ರಿ."

ಕೊರಳ ಲಿಂಗ ಅವಳಿಗೆ ಒಡವೆಯಲ್ಲ. ಅಂಗವೂ ಲಿಂಗವೂ ಎರಡಲ್ಲ, ಅದು ಮೈ ಬಿಟ್ಟರೆ ಉಸಿರಿದ್ದರೂ ಬದುಕಲ್ಲ. ಕಲ್ಯಾಣದ ಶರಣರ ಕಾಲದಿಂದ ಅವಳ ಮನೆತನಕ್ಕೆ ಬಂದ ತಿಳಿವು ಇದು. ಡಾಕ್ಟರಿಗೋ, ನಾಡಿ ನಿಂತರೆ ಸಾವು. ಇರುವುದು ಎಂದರೇನು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದ ನಾನು ಅಲ್ಲಿ ಅತ್ತೆಯ ಚಪ್ಪಲಿ ಹಿಡಿದು ನಿಂತಿದ್ದೆ.

ಮಾವ ಡಾಕ್ಟರನ್ನು ಮೂಲೆಗೆ ಕರೆದ. "ಮತ್ತಿನ ಮದ್ದು ಕೊಟ್ಟ ಮ್ಯಾಲ ಲಿಂಗ ತಗದಬಿಡ್ರಿ ಸಾಹೇಬ್ರ. ಎಚ್ಚರಾಗೂದರಾಗ ಮತ್ತ ಕಟ್ಟೂಣು. ಆಕಿಗೇನ್ ಗೊತ್ತಾಕೈತಿ?"

"ನಿಮಗ ಗೊತ್ತಿರತೈತಲ್ರಿ," ಎಂದರು ಡಾಕ್ಟರು. "ಆಕಿ ಹೂಂ ಅನ್ನದ ನಾ ಮುಟ್ಟಾಂಗಿಲ್ಲ."

ಅತ್ತೆಯ ತುಟಿ ಕಪ್ಪಿಡುತ್ತಿತ್ತು. ನನಗೆ ಡಾಕ್ಟರ ಮೇಲೆ ಕೆಟ್ಟ ಸಿಟ್ಟು ಬಂತು. ಜೀವ ಹೋಗುತ್ತಿರುವಾಗ ಇನ್ನು ಕೇಳುವುದೇನಿದೆ! ಅವರು ಮಂಚದ ಹತ್ತಿರ ಬಾಗಿ ಕೇಳಿಯೇ ಕೇಳಿದರು.

"ಅಂಗೈಯಾಗ ಇಟ್ಟು ಪಟ್ಟಿ ಸುತ್ತಿದ್ರ ನಡೀತೈತೇನ್ರೀ ಅವ್ವಾರ?"

ಪೂಜೆಯಲ್ಲೂ ಸಮಾಧಿಯಲ್ಲೂ ಲಿಂಗದ ಜಾಗ ಎಡ ಅಂಗೈಯೇ. ಅತ್ತೆ ಕೈ ಚಾಚಿದಳು. "ಏನರ ಆದ್ರೂ ಬಿಚ್ಚಬಾರದ್ರಿ."

"ಬಿಚ್ಚೂದಿಲ್ರಿ," ಎಂದರು ಡಾಕ್ಟರು.

ಎಚ್ಚರವಾದಾಗ ಅವಳು ಪಟ್ಟಿ ನೋಡಲಿಲ್ಲ, ಗಂಡನ ಮುಖ ನೋಡಿದಳು. "ಖರೆ ಹೇಳ್ರಿ. ಬಿಚ್ಚಿದ್ರೇನು?"

"ಇಲ್ಲ. ಹಂಗ ಐತಿ ನೋಡು," ಎಂದ ಮಾವ.

ಅವಳು ಉಳಿಯಲಿಲ್ಲ. ಅದೇ ವಾರ ಹೊಟ್ಟೆಯಲ್ಲಿ ನಂಜೇರಿ ಹೋದಳು. ಮಣ್ಣು ಮಾಡಿ ಬಂದ ಮಾವ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ: "ಕೊಯ್ದ್ರೂ ಉಳೀಲಿಲ್ಲೋ. ಆದ್ರ ಕಡೀಕ ಆಕಿ ಕಣ್ಣಾಗ ಕಣ್ಣಿಟ್ಟು ಮಾತಾಡಿದ್ನಿ. ತಗಸಿದ್ದರ ಹೆಂಗ ಮಾತಾಡ್ತಿದ್ನಿ?"

ಇಗೋ, ಬಾಗಿಲು ತೆರೆಯಿತು. ಮಗ ನಗುತ್ತ ಬಂದ.

"ಏನೂ ಇಲ್ಲಪ್ಪಾ, ಬರೇ ಕೆಮ್ಮು," ಎಂದ. ಕಣ್ಣು ಮಾತ್ರ ಗೋಡೆಯ ಮೇಲಿತ್ತು.

ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಎದ್ದು ಅವನ ಕೈ ಹಿಡಿದುಕೊಂಡೆ.

"ಒಳಗ ನಡಿ," ಎಂದೆ. "ಇಬ್ಬರೂ ಕೂಡಿ ಕೇಳೂಣು."