ದಿಮ್ಮಿ ಗೋಡೆಯ ಪಾಚಿ

ಕಳೆದ ಗುರುವಾರ ಬೆಳಿಗ್ಗೆ, ಉತ್ತರದ ಸರೋವರದ ತುದಿಯಲ್ಲಿದ್ದ ಹೆಲೆನ್ ಅವರ ಮರದ ದಿಮ್ಮಿಗಳ ಮನೆಯನ್ನು ಕೆಡವಲಾಯಿತು. ಸುದ್ದಿ ಬಂದಾಗ ನಾನು ಮಿಲ್ ಕ್ರೀಕ್‌ನ ನಮ್ಮ ಮನೆಯ ಮೆಟ್ಟಿಲಿನ ಪಾಚಿ ಕೆರೆಯುತ್ತಿದ್ದೆ. ಕೆರೆಯುವುದನ್ನು ಅಲ್ಲಿಗೇ ಬಿಟ್ಟೆ. ಏಕೆಂದು ನಿಮಗೆ ಹೇಳಬೇಕು.

ಹೆಲೆನ್ ಅವರ ಊರಿಗೆ ರಸ್ತೆಯಿಲ್ಲ, ದೋಣಿಯೊಂದೇ ದಾರಿ. ಹೋದ ವರ್ಷ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ, ಧಾರವಾಡದಿಂದ ಈ ಪರದೇಶಕ್ಕೆ ನಮ್ಮನ್ನು ನೋಡಲು ಬಂದಿದ್ದ ಅತ್ತೆಯನ್ನು ಕರೆದುಕೊಂಡು ಮೂರು ದಿನಕ್ಕೆ ಆ ಮನೆ ಹಿಡಿದಿದ್ದೆವು. ಹೆಲೆನ್ ಅವರಿಗೆ ಎಪ್ಪತ್ತು ದಾಟಿದೆ. ಮನೆ ಅವರ ಅಜ್ಜ ಕಟ್ಟಿದ್ದು. ಕೆಡವಿ ಹೊಸದು ಕಟ್ಟಬೇಕೆಂದು ಅವರ ತಮ್ಮನ ಹಟ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಮನೆ ಉಳಿಯುತ್ತದೆ, ಮುಂದಿನ ವಾರ ತಜ್ಞರು ಬರುತ್ತಾರೆ ಎಂದು ಬೀಗದ ಕೈ ಕೊಡುವಾಗಲೇ ಹೇಳಿದ್ದರು.

ಅತ್ತೆಯ ಕಣ್ಣಿಗೆ ಬಿದ್ದದ್ದು ದಿಮ್ಮಿಗಳ ಸಂದಿನ ಒಣಪಾಚಿ.

"ನಾಳೆ ನವರಾತ್ರಿ ಘಟ್ಟ ಕೂಡೋ ದಿನ. ಇಷ್ಟು ಹೊಲಸು ಇಟಗೊಂಡು ದೀಪಾ ಹಚ್ಚೋದೇನ್ರಿ, ಅಳಿಯಂದ್ರ?"

"ಬಾಡಿಗೆ ಮನೆ ಅತ್ತೆ, ಬಿಟ್ಬಿಡಿ."

"ಮನಿ ಬಾಡಗಿದು, ದೇವರು ಬಾಡಗಿಯಂವ ಏನು? ಒಂದು ಚಮಚಾ ಕೊಡ್ರಿ."

ಹದಿನಾಲ್ಕು ವರ್ಷ ಸುದ್ದಿಮನೆಯಲ್ಲಿ ಇತರರ ವರದಿಯ ಅಂಚಿಗೆ "ಖಚಿತಪಡಿಸಿಕೊಳ್ಳಿ" ಎಂದು ಬರೆದವನು ನಾನು. ಏನನ್ನೂ ಖಚಿತಪಡಿಸಿಕೊಳ್ಳದೆ ಚಮಚ ಕೊಟ್ಟೆ. ಎತ್ತರದ ಸಂದುಗಳಿಗೆ ಸ್ಟೂಲನ್ನೂ ತಂದಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಎರಡು ಬುಟ್ಟಿ ಪಾಚಿ. ಸೌದೆ ಹಸಿಯಾಗಿತ್ತು, ಪಾಚಿ ಚೆನ್ನಾಗಿ ಉರಿಯಿತು. ಅದರ ಮೇಲೆಯೇ ಚಹಾ ಕಾಸಿದೆವು.

ಸಂಜೆ ಹೆಲೆನ್ ಬಂದರು. ಚಹಾ ಕುಡಿದು, ಶುಂಠಿ ಚೆನ್ನಾಗಿದೆ ಎಂದರು. ಆಮೇಲೆ ಅವರ ತೊಡೆಯ ಮೇಲೆ ಬಿಸಿಲಿನ ಒಂದು ಸಣ್ಣ ಗೆರೆ ಬಿತ್ತು. ಕಿಟಕಿ ಇದ್ದದ್ದು ಎದುರು ಗೋಡೆಯಲ್ಲಿ. ಎದ್ದು ಹೋಗಿ ಸಂದಿಗೆ ಬೆರಳಿಟ್ಟರು. ಬೆರಳು ಆಚೆಗೆ ಹೋಯಿತು.

"ಗಾಳಿ ಬಾರದಂತೆ ಇಲ್ಲಿ ನನ್ನ ಅಜ್ಜಿ ಪಾಚಿ ತುಂಬಿದ್ದಳು," ಎಂದರು. "ಎಲ್ಲಿದೆ?"

ನಾನು ಒಲೆಯ ಕಡೆ ನೋಡಿದೆ.

ಅತ್ತೆ ನಗುತ್ತಾ, "ಸ್ವಚ್ಛ ಆತಲ್ಲ ಅಂತ ಕೇಳ್ರಿ ಆಕೀಗೆ," ಎಂದರು. ನಾನು ಕೇಳಲಿಲ್ಲ.

ಸಂದಿನ ಪಾಚಿ ಹೋಗಿರುವುದರಿಂದ ಮೂಲ ಗೋಡೆ ಉಳಿದಿಲ್ಲವೆಂದು ತಜ್ಞರು ಬರೆದರು. ಮನೆ ಪಟ್ಟಿಗೆ ಸೇರಲಿಲ್ಲ.

ಗುರುವಾರವೇ ಧಾರವಾಡಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅತ್ತೆ, "ಚಮಚಾ ಕೊಡೂ ಮುಂದ ಒಂದು ಮಾತು ಹೇಳಬಾರದಾಗಿತ್ತೇನ್ರಿ?" ಎಂದರು.

ದಿಮ್ಮಿಗಳು ಈಗ ದೋಣಿಕಟ್ಟೆಯ ಪಕ್ಕದಲ್ಲಿವೆ. ಮರಳಿ ಜೋಡಿಸುವಾಗ ಕ್ರಮ ತಪ್ಪದಿರಲೆಂದು ಹೆಲೆನ್ ಒಂದೊಂದರ ಮೇಲೂ ಸೀಮೆಸುಣ್ಣದಿಂದ ಸಂಖ್ಯೆ ಬರೆಯುತ್ತಿದ್ದಾರೆ. ನಿನ್ನೆ ಸಂಜೆಗೆ ನಲವತ್ತೊಂದು ಆಗಿತ್ತು.