ಪೌಡರ್ ಹಚ್ಚಿದ ಎಂಜಿನ್

ಹೆಸರು ಬ್ಯಾಡ, ಕೊಟ್ಟೂರಿನ ಮಿಸ್ತ್ರಿ ಅಂದ್ರ ಸಾಕು. ಯಾರು ಎಷ್ಟು ಒದರಿದ್ರೂ ಸುಮ್ನ ಕೈ ಒರಸ್ಕೊಂಡು "ಮೊದ್ಲು ನೋಡೋಣ್ರಿ" ಅಂತಿದ್ದ.

ನಮ್ಮಜ್ಜನ ಕಾಲದ ಟ್ರ್ಯಾಕ್ಟರಿನ ಎಂಜಿನ್ ಪೂರ್ತಿ ಬಿಚ್ಚಿ ಅವನೇ ಕಟ್ಟಿದ್ದ. ಆದ್ರೂ ಹೊಲಕ್ಕ ಹೋಗಿ ಬರೂದ್ರಾಗ ಕೆಳಗ ಆಯಿಲ್ ಸುರೀತಿತ್ತು. ನಮ್ಮ ಕಾಕ ಸಿಟ್ಟಿಗೆದ್ದು ಗುಜರಿಯವನ್ನ ಕರಕೊಂಡು ಬಂದ.

"ಕೆಳಗಿನ ಸೀಲ್ ಹೋಗೈತಿ, ಮತ್ತ ಎಲ್ಲಾ ಬಿಚ್ಚಬೇಕು. ಸಾಕಪ್ಪ, ಇವನಿಗೆ ಕೊಟ್ಟುಬಿಡ್ತೀನಿ" ಅಂದ ಕಾಕ.

"ಮೊದ್ಲು ನೋಡೋಣ್ರಿ."

ಮಿಸ್ತ್ರಿ ಎಂಜಿನ್ನ ಡೀಸೆಲ್ ಹಾಕಿ ತೊಳದು, ಒಣಗಿಸಿ, ನಮ್ಮವ್ವನ ಕಡೆ ಮುಖದ ಪೌಡರ್ ಇಸ್ಕೊಂಡು ಅದರ ಮೈತುಂಬ ಉದುರಿಸಿದ.

"ಏನ್ ಮಿಸ್ತ್ರಿ, ಲಗ್ನಕ್ಕ ರೆಡಿ ಮಾಡ್ತೀರೇನು?" ಅಂತ ಗುಜರಿಯವ ನಕ್ಕ.

"ನಿನ್ನ ಮನಿಗಂತೂ ಕೊಡಂಗಿಲ್ಲ ಬಿಡಲೇ" ಅಂದು ಮಿಸ್ತ್ರಿ ಎಂಜಿನ್ ಚಾಲೂ ಮಾಡಿದ.

ಸ್ವಲ್ಪ ಹೊತ್ತಿಗೆ ಪೌಡರಿನ್ಯಾಗ ಹಸಿ ಗೆರಿ ಮೂಡ್ತು. ಆಯಿಲ್ ಮ್ಯಾಲಿನ ಮುಚ್ಚಳದಿಂದ ಕೆಳಗ ಇಳೀತಿತ್ತು. ಬಿಚ್ಚಿದ್ರ ಮುಚ್ಚಳದ ಸಂದಿಗೆ ಹಾಕಿದ್ದ ಹೊಸ ಪ್ಯಾಕಿಂಗು ಹಿಸುಕಿ ಹರದಿತ್ತು.

ಮಿಸ್ತ್ರಿ ಅದನ್ನ ಕಾಕನ ಮಾರಿ ಮುಂದ ಹಿಡದ. "ಬೋಲ್ಟು ಜಾಸ್ತಿ ಬಿಗಿದವ ನಾನು. ತಪ್ಪು ನಂದ್ರಿ, ಎಂಜಿನ್ದಲ್ಲ. ಗುಜರಿಗೆ ಹಾಕಲೇಬೇಕಂದ್ರ ನನ್ನ ಹಾಕ್ರಿ."