ಸೊಳ್ಳೆ ಕೇಳಿಸದ ಗುಡುಗು

ನಮ್ಮ ಬೀದಿಯಲ್ಲಿ ಅವನಿಗೆ ಗುಡುಗು ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಅವನ ಡ್ರೈವಿಂಗ್ ಲೈಸೆನ್ಸಿಗೆ ಮಾತ್ರ ಗೊತ್ತು. ಕಾರಿಗೆ ವೂಫರ್ ಕೂರಿಸುವುದು, ಆಂಪ್ಲಿಫೈಯರ್ ಕಟ್ಟುವುದು, ಬೇರೆಯವರು ಕಟ್ಟಿ ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುವುದು ಅವನ ಕಸುಬು. ನನ್ನದು ಪಕ್ಕದಲ್ಲೇ ಕಾರಿನ ಸೀಟಿಗೆ ಕವರ್ ಹೊಲಿಯುವ ಅಂಗಡಿ. ನಡುವೆ ಇದ್ದದ್ದು ಸೊಂಟದೆತ್ತರದ ಒಂದು ತಗಡಿನ ಗೋಡೆ. ಅದರ ದೆಸೆಯಿಂದ ಅವನ ಸಂಸಾರ ನನಗೆ ಬಾಯಿಪಾಠ, ನನ್ನ ಹೊಲಿಗೆ ಯಂತ್ರದ ತಕರಾರು ಅವನಿಗೆ ಬಾಯಿಪಾಠ.

ಗುಡುಗು ಒಂದು ಗಾಡಿಯನ್ನು ಪರೀಕ್ಷೆಗೆ ಹಚ್ಚಿದ ಎಂದರೆ ಬೀದಿಗೆ ಬೀದಿಯೇ ಸಜ್ಜಾಗುತ್ತಿತ್ತು. ಎದುರಿನ ಕ್ಷೌರದವನು ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತಿ ಕೈಕಟ್ಟಿ ನಿಲ್ಲುತ್ತಿದ್ದ. ಮೊಟ್ಟೆ ಮಾರುವವಳ ಮೊಟ್ಟೆಗಳು ಚಿಪ್ಪಿನೊಳಗೇ ಕಲಸಿಕೊಂಡು, ಒಡೆದರೆ ಸೀದಾ ಬಾಣಲೆಗೆ ಸುರಿಯುವ ಹಾಗಾಗಿರುತ್ತಿದ್ದವು. ಒಮ್ಮೆ ಬಿಕ್ಕಳಿಕೆ ಹತ್ತಿದವನೊಬ್ಬ ಬೀದಿಯಲ್ಲಿ ಹೋಗುತ್ತಿದ್ದಾಗ ಗುಡುಗು ಸ್ವಿಚ್ ಒತ್ತಿದ. ಬಿಕ್ಕಳಿಕೆ ಆತನನ್ನು ಬಿಟ್ಟು ಹಾರಿ ಆಚೆ ಬದಿಯಲ್ಲಿ ಮಲಗಿದ್ದ ನಾಯಿಗೆ ಅಂಟಿಕೊಂಡಿತು. ನಂಬದವರು ನಾಯಿಯನ್ನೇ ಕೇಳಿ ಎನ್ನುತ್ತಿದ್ದೆ, ಪಾಪ, ಈಗ ಅದೂ ಇಲ್ಲ.

ಆದರೆ ಎದೆ ನಡುಗಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ದೊಡ್ಡ ಡಬ್ಬಿ, ದಪ್ಪ ವೈರು, ನಾಚಿಕೆ ಬಿಟ್ಟ ಗಿರಾಕಿ, ಇಷ್ಟಿದ್ದರೆ ಯಾರು ಬೇಕಾದರೂ ನಡುಗಿಸಬಹುದು. ಗುಡುಗಿಗೆ ಹೆಸರು ಬಂದದ್ದು ಸೊಳ್ಳೆ ಹಿಡಿಯುವುದರಲ್ಲಿ. ಆಂಪ್ ಕಟ್ಟಿದ ಗಾಡಿಗಳಲ್ಲಿ ಒಂದು ಕಾಯಿಲೆ ಉಂಟು. ಹಾಡು ನಿಂತಾಗ, ಎಂಜಿನ್ ಚಾಲೂ ಇದ್ದಾಗ, ಬಾಗಿಲಿನ ಚಿಕ್ಕ ಸ್ಪೀಕರುಗಳಲ್ಲಿ ಸಣ್ಣಗೆ ಕುಂಯ್ ಎಂದು ಶುರುವಾಗುತ್ತದೆ. ಕಾಲು ಒತ್ತಿ ಎಂಜಿನ್ ಏರಿಸಿದರೆ ಅದೂ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಅದಕ್ಕೆ ಆ ಅಂಗಡಿಯಲ್ಲಿ ಸೊಳ್ಳೆ ಎನ್ನುತ್ತಿದ್ದರು. ಕಾರಣ ಹತ್ತಾರು: ಬ್ಯಾಟರಿಯ ವೈರಿನ ಪಕ್ಕದಲ್ಲೇ ಹಾಡಿನ ವೈರು ಎಳೆದಿರಬಹುದು, ಅರ್ಥ್ ವೈರನ್ನು ಬಣ್ಣ ಕೆರೆಯದ ತಗಡಿಗೆ ಬಿಗಿದಿರಬಹುದು. ಗುಡುಗು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಇನ್ನೊಬ್ಬರಿಂದ ಎಂಜಿನ್ ಏರಿಸಿ ಇಳಿಸಿ ಕೇಳಿ, ಎದ್ದು ಸೀದಾ ಹೋಗಿ ತಪ್ಪಿದ ಜಾಗಕ್ಕೆ ಬೆರಳಿಡುತ್ತಿದ್ದ. ಸೊಳ್ಳೆ ಇರುವ ಗಾಡಿ ಅವನ ಅಂಗಡಿಯ ಹೊಸಿಲು ದಾಟಿ ಹೊರಗೆ ಹೋದದ್ದಿಲ್ಲ. ಅದು ಅವನ ಜಂಬ, ಅನ್ನ ಎರಡೂ ಆಗಿತ್ತು.

ಅಂಗಡಿ ಇದ್ದದ್ದು ಭಾಮೈದನ ಹೆಸರಿನಲ್ಲಿ, ಅಂದರೆ ಗುಡುಗಿನ ಹೆಂಡತಿಯ ತಮ್ಮನ ಹೆಸರಿನಲ್ಲಿ. ಮುಂದಿನ ಕೌಂಟರ್ ಅವನದು, ಹಿಂದಿನ ಕೆಲಸ ಭಾವನದು. ಭಾಮೈದ ಕಸುಬನ್ನು ಕಲಿತದ್ದೂ ಭಾವನ ಕೈಕೆಳಗೇ. ಕಲಿತ ಮೇಲೆ ಅವನಿಗೆ ಕೌಂಟರ್ ಕಹಿಯಾಗತೊಡಗಿತು. ಗಾಡಿಯವರು ಬಂದು "ಮೇಸ್ತ್ರಿ ಇದ್ದಾರಾ?" ಎಂದು ಅವನನ್ನೇ ಕೇಳಿ, ಅವನನ್ನೇ ದಾಟಿ ಒಳಗೆ ಹೋಗುವುದು ಯಾರಿಗೆ ತಾನೇ ಸಹ್ಯವಾಗುತ್ತದೆ?

ಇಷ್ಟರಲ್ಲಿ ಗುಡುಗಿನ ಕಿವಿ ಹೋಗತೊಡಗಿತು.

ಕಿವಿ ಹೋಗುವಾಗ ಗಂಟುಮೂಟೆ ಕಟ್ಟಿ ಒಂದೇ ಸಲ ಹೋಗುವುದಿಲ್ಲ. ಮೊದಲು ಸಣ್ಣ ಸದ್ದುಗಳು ಜಾರಿಕೊಳ್ಳುತ್ತವೆ: ಬಳೆಯ ಸದ್ದು, ಚಮಚದ ಸದ್ದು, ಪಕ್ಕದ ಕೋಣೆಯಿಂದ ಹೆಂಡತಿ ಕರೆಯುವ ಸದ್ದು. ವೂಫರಿನ ಗುಡುಗಿಗೆ ಕಿವಿಯ ಹಂಗೇ ಇಲ್ಲ. ಅದನ್ನು ಹೊಟ್ಟೆಯೇ ಕೇಳುತ್ತದೆ. ಹಾಗಾಗಿ ಅವನಿಗೆ ತನ್ನ ಗುಡುಗು ಚೆನ್ನಾಗಿಯೇ ಕೇಳುತ್ತಿತ್ತು. ಕೇಳದೆ ಹೋದದ್ದು ಸೊಳ್ಳೆ ಮಾತ್ರ.

ಹೆಂಡತಿ ಅವನನ್ನು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರಂತೆ. ಇವನು ಗುಂಡಿಯನ್ನು ಕೈಯಲ್ಲಿ ಹಿಡಿದುಕೊಂಡು ಸದ್ದು ಯಾವಾಗ ಬರುತ್ತದೋ ಎಂದು ಕಾದು ಕಾದು ತೂಕಡಿಸಿದನಂತೆ. ಉಳಿದಿರುವುದನ್ನಾದರೂ ಉಳಿಸಿಕೋ, ಈ ಕೆಲಸ ಬಿಡು, ಇಲ್ಲದಿದ್ದರೆ ಮನುಷ್ಯರ ಮಾತೂ ಹೋಗುತ್ತದೆ ಎಂದು ಡಾಕ್ಟರು ನೇರವಾಗಿ ಹೇಳಿದರು.

"ಈ ಕೆಲಸ ಬಿಟ್ಟು ನಾನೇನ್ ಮಾಡ್ಲಿ ಡಾಕ್ಟ್ರೇ, ಕೊಳಲು ರಿಪೇರಿನಾ?" ಎಂದು ಇವನು ನಗಿಸಲು ನೋಡಿದ. ಡಾಕ್ಟರು ನಗಲಿಲ್ಲ.

ಮನೆಗೆ ಬಂದವನು ಹೆಂಡತಿಯ ಕೈಹಿಡಿದು, ತಮ್ಮನಿಗೆ ಈ ಮಾತು ಗೊತ್ತಾಗಬಾರದು ಎಂದ. ಸೊಳ್ಳೆ ಕೇಳಿಸದವನು ಆ ಅಂಗಡಿಯಲ್ಲಿ ಮೇಸ್ತ್ರಿಯಾಗಿರುವಂತಿಲ್ಲ. ಅದು ಅವನೇ ಹಾಕಿದ ಕಟ್ಟಳೆ. ಅಂದು ಗಂಡ ಹೆಂಡಿರು ಒಂದು ಉಪಾಯ ಹೂಡಿದರು. ಮಧ್ಯಾಹ್ನ ಬುತ್ತಿ ತರುವ ನೆಪದಲ್ಲಿ ಅವಳು ಅಂಗಡಿಗೆ ಬರುವುದು, ಮುಗಿದ ಗಾಡಿಯ ಮುಂದಿನ ಸೀಟಿನಲ್ಲಿ ಕೂರುವುದು. ಗುಡುಗು ಹಾಡು ನಿಲ್ಲಿಸಿ ಎಂಜಿನ್ ಏರಿಸುತ್ತಾನೆ. ಸೊಳ್ಳೆ ಇದ್ದರೆ ಅವಳು ಕನ್ನಡಕ ತೆಗೆದು ಒರೆಸಬೇಕು. ಇಲ್ಲದಿದ್ದರೆ ಸುಮ್ಮನೆ ಬಾಗಿಲು ತೆಗೆದು ಇಳಿಯಬೇಕು.

ಗಿರಾಕಿಗಳಿಗೆ ಅವನು ಕೊಟ್ಟ ಕಾರಣವೇ ಬೇರೆ. "ಗಾಡಿ ನಿಮ್ದಾದ್ರೂ ಕಿವಿ ನಿಮ್ಮನೆಯವ್ರದ್ದು ಸಾರ್. ಹೆಂಗಸ್ರ ಕಿವಿ ಪಾಸ್ ಮಾಡ್ತು ಅಂದ್ರೆ ಮನೇಲಿ ಜಗಳ ಇರಲ್ಲ" ಎನ್ನುತ್ತಿದ್ದ. ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. ಬೇರೆ ಅಂಗಡಿಯವರು ಕೂಡ ಹೆಂಡಿರನ್ನು ಕರೆತಂದು ಕೂರಿಸಲು ನೋಡಿ, ಅವರು ಒಪ್ಪದೆ ಮನೆಯಲ್ಲಿ ಮಾತು ಬಿಟ್ಟ ಪ್ರಕರಣಗಳೂ ಆದವು. ನಮ್ಮ ಬೀದಿಯಲ್ಲಂತೂ ಇದನ್ನು ಪ್ರೀತಿ ಎಂದೇ ತಿಳಿದರು. ನನ್ನವಳು ಕೂಡ ಒಮ್ಮೆ, ನೀವು ನನ್ನನ್ನು ಒಂದು ಸೀಟಿನ ಮೇಲಾದರೂ ಕೂರಿಸಿ ಕೇಳಿದ್ದೀರಾ ಎಂದು ಚುಚ್ಚಿದಳು.

ನಾನು ಹೊಲಿಗೆಯವನು, ಒಂದೇ ಕಡೆ ಕಣ್ಣಿಟ್ಟು ಕೂರುವುದು ನನಗೆ ಅಭ್ಯಾಸ. ಅವಳು ಕನ್ನಡಕ ಒರೆಸಿದಾಗಲೆಲ್ಲ ಗುಡುಗು ಆಂಪ್ ಕೂರಿಸಿದ ಡಿಕ್ಕಿಯ ಕಡೆಗೆ ಓಡುವುದನ್ನು ನೋಡಿ ನೋಡಿ ನನಗೆ ಅರ್ಥವಾಯಿತು. ಅರ್ಥವಾದವನು ಬಾಯಿಗೆ ಹೊಲಿಗೆ ಹಾಕಿಕೊಂಡೆ. ಆದರೆ ಒಂದನ್ನು ಗಮನಿಸಿದೆ. ಕಿವಿ ಹೆಂಡತಿಯ ಬಳಿ ಇದೆ ಎಂಬ ಧೈರ್ಯಕ್ಕೆ ಗುಡುಗಿನ ಕೈ ಸೋಮಾರಿಯಾಗತೊಡಗಿತ್ತು. ಹಿಂದೆಲ್ಲ ಅರ್ಥ್ ಬಿಗಿಯುವ ಜಾಗವನ್ನು ಕನ್ನಡಿಯ ಹಾಗೆ ಹೊಳೆಯುವವರೆಗೆ ಕೆರೆಯುತ್ತಿದ್ದವನು ಈಗ ಸಿಕ್ಕಿದ ಬೋಲ್ಟಿಗೆ ಸಿಕ್ಕಿಸುತ್ತಿದ್ದ. ತಪ್ಪಾದರೆ ಅವಳು ಒರೆಸುತ್ತಾಳಲ್ಲ.

ಅವಳು ಒರೆಸಿ ಒರೆಸಿ ಸಾಕಾಗಿದ್ದಳು. ಮನೆಯಲ್ಲಿ ಅವಳ ಮಾತು ದಿನದಿಂದ ದಿನಕ್ಕೆ ಅವನಿಗೆ ದೂರವಾಗುತ್ತಿತ್ತು. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ ನಾಳೆ ಬರುತ್ತಾನೆ ಎನ್ನುತ್ತಿದ್ದ. ಕೆಲಸ ಬಿಡಿ ಎಂದು ಅವಳು ಬೇಡಿಕೊಂಡಳು, ಅತ್ತಳು, ಉಪವಾಸ ಕೂತಳು. ಕಿವಿ ಹೋದರೆ ಹೋಗಲಿ, ಕೈ ಇದೆ, ನೀನಿದ್ದೀಯ ಎನ್ನುತ್ತಿದ್ದ ಅವನು. ಕೊನೆಗೆ ಅವಳು ತಮ್ಮನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ತಮ್ಮ ಬಹಳ ಮರುಗಿದ. ಮರುಗುತ್ತಲೇ ಒಂದು ದಾರಿಯನ್ನೂ ತೋರಿಸಿದ: "ಅಕ್ಕ, ಭಾವ ಹೇಳಿದ್ರೆ ಕೇಳೋರಲ್ಲ. ನೀನು ಒಂದೇ ಒಂದು ಸಲ, ಸೊಳ್ಳೆ ಇದ್ರೂ, ಸುಮ್ನೆ ಇಳಿದ್ಬಿಡು. ಆಮೇಲೆ ಅವರನ್ನ ರಾಜನ ಹಾಗೆ ಮುಂದೆ ಕೂರಿಸ್ತೀನಿ."

ಇದನ್ನೆಲ್ಲ ಅವಳೇ ನನಗೆ ಆಮೇಲೆ ಹೇಳಿದ್ದು.

ಆ ದಿನ ಬಂದ ಗಾಡಿ ಒಂದು ಕಾರ್ ಶೋರೂಮಿನದು. ಕೆಲಸ ಹಿಡಿಸಿದರೆ ತಮ್ಮಲ್ಲಿ ಮಾರಾಟವಾಗುವ ಗಾಡಿಗಳನ್ನೆಲ್ಲ ಇಲ್ಲಿಗೇ ಕಳಿಸುತ್ತೇವೆ ಎಂದು ಅಲ್ಲಿನ ಮ್ಯಾನೇಜರು ಖುದ್ದಾಗಿ ಬಂದು ನಿಂತಿದ್ದರು. ಗುಡುಗು ಹೊಸ ಅಂಗಿ ಹಾಕಿಕೊಂಡಿದ್ದ. ವೂಫರ್ ಹಚ್ಚಿ ತೋರಿಸಿದ. ನನ್ನ ಸೂಜಿಗಳು ಡಬ್ಬಿಯಲ್ಲಿ ಎದ್ದು ನಿಂತು ಸಾಲಾಗಿ ಕವಾಯತು ಮಾಡಿದವು. ಆಮೇಲೆ ಎಂದಿನಂತೆ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಾಡು ನಿಲ್ಲಿಸಿ ಎಂಜಿನ್ ಏರಿಸಿದ.

ತಗಡಿನ ಗೋಡೆಯ ಈಚೆಗೆ ನನ್ನ ಮುದಿ ಕಿವಿಗೇ ಅದು ಕೇಳಿಸಿತು. ಕುಂಯ್ ಎಂದು ಏರಿತು, ಇಳಿಯಿತು, ಮತ್ತೆ ಏರಿತು. ನಾನು ಕಾಲಡಿಯ ಪೆಡಲು ನಿಲ್ಲಿಸಿ ಅವಳ ಕನ್ನಡಕವನ್ನೇ ನೋಡಿದೆ. ಗುಡುಗೂ ಅದನ್ನೇ ನೋಡುತ್ತಿದ್ದ.

ಅವಳು ಬಾಗಿಲು ತೆಗೆದು ಇಳಿದಳು.

ಗುಡುಗು ಎದೆಯುಬ್ಬಿಸಿ, "ಕೂತು ನೋಡಿ ಸಾರ್. ಹಾಲಿನ ಹಾಗಿದೆ" ಎಂದ. ಮ್ಯಾನೇಜರು ಕೂತರು. ಸ್ವಲ್ಪ ಹೊತ್ತು ತಲೆ ವಾಲಿಸಿದರು. ಏನೋ ಕುಂಯ್ ಅನ್ನುತ್ತಿದೆಯಲ್ಲ ಎಂದರು. ಗುಡುಗು ನಕ್ಕು, ಇಲ್ಲವೇ ಇಲ್ಲ, ಅದು ಹೊರಗಿನ ಸದ್ದಿರಬೇಕು ಎಂದು ಗಾಜು ಏರಿಸಿದ. ಗಾಜು ಏರಿಸಿದ ಮೇಲೆ ಒಳಗೆ ಸೊಳ್ಳೆ ಮತ್ತಷ್ಟು ಚೆನ್ನಾಗಿ ಹಾಡಿರಬೇಕು. ಮ್ಯಾನೇಜರು ಮುಖ ಕಿವುಚಿದರು. ತನ್ನ ಕೆಲಸ ಎಷ್ಟು ಶುದ್ಧ ಎಂದು ತೋರಿಸಲು ಅವನು ವಾಲ್ಯೂಮನ್ನು ಇನ್ನೂ ತಿರುಗಿಸಿದ. ಕ್ಷೌರದ ಅಂಗಡಿಯಲ್ಲಿ ಕೂತಿದ್ದವರು ಕೂಡ ಹೊರಗೆ ಬಂದು ನಿಂತರು. ಅಷ್ಟು ಜನರ ನಡುವೆ ಅದು ಕೇಳಿಸದೆ ಇದ್ದದ್ದು ಅವನೊಬ್ಬನಿಗೇ.

ಭಾಮೈದ ಕೌಂಟರ್ ದಾಟಿ ಬಂದ. ದನಿ ಬೆಣ್ಣೆಯಂತಿತ್ತು. "ಭಾವ, ನಿಮಗೆ ಕೇಳಿಸ್ತಿಲ್ವಾ?"

ಗುಡುಗು ಹೆಂಡತಿಯ ಕಡೆಗೆ ತಿರುಗಿದ. ಅವಳು ಕನ್ನಡಕ ಹಾಕಿಕೊಂಡೇ ನೆಲ ನೋಡುತ್ತಿದ್ದಳು.

ಭಾಮೈದ ಡಿಕ್ಕಿಯ ಒಳಗೆ ಬಗ್ಗಿ ಅರ್ಥ್ ವೈರಿನ ಬೋಲ್ಟು ಬಿಚ್ಚಿ, ಅದರ ಕೆಳಗಿನ ಬಣ್ಣವನ್ನು ಉಪ್ಪುಕಾಗದದಿಂದ ಕೆರೆದು ಮತ್ತೆ ಬಿಗಿದ. ಸೊಳ್ಳೆ ಸತ್ತಿತು. ಅವನು ಅಷ್ಟು ಬೇಗ ಅಲ್ಲಿಗೇ ಕೈ ಹಾಕಿದ್ದರಲ್ಲಿ ಮಾಯ ಮಂತ್ರ ಏನಿಲ್ಲ. ಅದನ್ನು ಕಲಿಸಿದ್ದು ಗುಡುಗೇ. ಮ್ಯಾನೇಜರು ಭಾಮೈದನ ಕೈಕುಲುಕಿ, ಇನ್ನು ಮೇಲೆ ನಮ್ಮ ಗಾಡಿಗಳನ್ನು ನೀವೇ ನೋಡಿಕೊಳ್ಳಿ ಎಂದು ಹೇಳಿ ಹೋದರು.

ಎಲ್ಲರೂ ಚದುರಿದ ಮೇಲೆ ಅವಳು ಗಂಡನ ಹತ್ತಿರ ಬಂದಳು. ಗಂಡನಿಂದ ಮುಚ್ಚಿಡುವ ಜಾತಿಯವಳಲ್ಲ ಅವಳು.

"ನನಗೆ ಕೇಳಿಸ್ತು ರೀ. ಗೊತ್ತಿದ್ದೇ ಇಳಿದೆ."

"ಏನಂದೆ?"

"ಗೊತ್ತಿದ್ದೇ ಇಳಿದೆ ಅಂದೆ. ಉಳಿದಿರೋ ಕಿವಿನಾದ್ರೂ ಉಳೀಲಿ ಅಂತ."

ಅವನು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡ. "ಜೋರಾಗ್ ಹೇಳು. ನಿನ್ನ ಗಂಡ ಕಿವುಡ."

ಅವಳು ಕೂಗಿ ಹೇಳಿದಳು. ಬೀದಿಯೆಲ್ಲ ಕೇಳಿತು. ಮೊಟ್ಟೆಯವಳು ಮುಖ ತಿರುಗಿಸಿಕೊಂಡಳು. ಅವನು ಮತ್ತೆ ಏನಂದೆ ಎಂದ. ಅವಳು ಮತ್ತೆ ಕೂಗಿದಳು, ಈ ಸಲ ದನಿ ಒಡೆಯಿತು. ಆಗ ಅವನು ತಗಡಿನ ಗೋಡೆಯ ಮೇಲಿಂದ ನನ್ನನ್ನು ಕರೆದು, ಒಂದಿಷ್ಟೂ ದನಿ ಏರಿಸದೆ ಹೇಳಿದ: "ದರ್ಜಿ, ಇವಳು ಏನೋ ಹೇಳ್ತಿದ್ದಾಳೆ. ನನಗೆ ಕೇಳಿಸ್ತಿಲ್ಲ. ನೀನಾದ್ರೂ ಕೇಳಿಸ್ಕೋ."

ಭಾಮೈದ ಮಾತಿಗೆ ತಪ್ಪಲಿಲ್ಲ, ಭಾವನನ್ನು ರಾಜನ ಹಾಗೆ ಮುಂದೆ ಕೂರಿಸಿದ. ಸಿಂಹಾಸನ ಎಂದರೆ ಒಂದು ಪ್ಲಾಸ್ಟಿಕ್ ಸ್ಟೂಲು. ರಾಜ್ಯ ಎಂದರೆ ಕಾರಿನ ಮ್ಯಾಟು, ಸೆಂಟಿನ ಬಾಟಲಿ, ತಲೆ ಅಲ್ಲಾಡಿಸುವ ನಾಯಿಬೊಂಬೆ. ಗಿರಾಕಿಗಳು ಬಂದು ಮೇಸ್ತ್ರಿ ಇದ್ದಾರಾ ಎಂದು ಗುಡುಗನ್ನೇ ಕೇಳಿ, ಅವನನ್ನು ದಾಟಿ ಒಳಗೆ ಹೋಗತೊಡಗಿದರು. ಸ್ವಲ್ಪ ಕಾಲ ಕೂತ. ಒಂದು ಬೆಳಿಗ್ಗೆ ಸ್ಟೂಲನ್ನು ಎತ್ತಿಕೊಂಡು ನನ್ನ ಅಂಗಡಿಗೆ ಬಂದು, ಕತ್ತರಿ ಹಿಡಿದು ನೂಲಿನ ತುದಿ ಕತ್ತರಿಸಲು ಕೂತ. ಇಂದಿಗೂ ಕೂತಿದ್ದಾನೆ. ನನಗೆ ಅವನ ಅಗತ್ಯವಿಲ್ಲ, ಹೇಳುವ ಎದೆಯೂ ಇಲ್ಲ.

ಅಕ್ಕ ತಮ್ಮನ ಅಂಗಡಿಯ ಕಡೆ ಬರುವುದು ನಿಂತಿತು. ತಮ್ಮನೂ ಕರೆಯಲಿಲ್ಲ; ಅವನಿಗೆ ಅವನದೇ ಕಿವಿ ಇದೆ, ಸದ್ಯಕ್ಕೆ.

ಡಾಕ್ಟರು ಹೇಳಿದ್ದು ಸರಿಯಾಯಿತು. ಡಿಕ್ಕಿಯೊಳಗಿನ ಗುಡುಗಿನಿಂದ ದೂರವಾದ ಮೇಲೆ ಗುಡುಗಿನ ಕಿವಿ ಮತ್ತಷ್ಟು ಕೆಡಲಿಲ್ಲ. ಹೆಂಡತಿ ಒಂದು ಕಿವಿಯ ಯಂತ್ರವನ್ನೂ ಕೊಡಿಸಿದಳು, ಕಿವಿಯೊಳಗೆ ಕೂರುವ ಕಡಲೆಯಷ್ಟು ಸಣ್ಣದು. ಅದನ್ನು ಹಾಕಿಕೊಂಡು ಅವನು ನನ್ನ ಅಂಗಡಿಯಲ್ಲಿ ಬೀದಿಯ ಹರಟೆಯನ್ನೆಲ್ಲ ಕೇಳುತ್ತಾನೆ. ನನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಒಣಗಿದ್ದನ್ನು ನನಗಿಂತ ಮೊದಲು ಹೇಳುತ್ತಾನೆ. ಶೋರೂಮಿನ ಗಾಡಿಗಳು ಪಕ್ಕದಲ್ಲಿ ಪರೀಕ್ಷೆಗೆ ನಿಂತಾಗ ತಲೆ ಎತ್ತಿ, ಸೊಳ್ಳೆ ಇದೆ ಎಂದು ನನಗೊಬ್ಬನಿಗೇ ಪಿಸುಗುಟ್ಟುತ್ತಾನೆ. ಸಾಮಾನ್ಯವಾಗಿ ಇರುತ್ತದೆ.

ಒಂದು ಬೆಳಿಗ್ಗೆ ಅವನನ್ನು ಕರೆಯಲು ಮನೆಗೇ ಹೋಗಿದ್ದೆ. ಅವಳು ಬಾಗಿಲಲ್ಲಿ ನಿಂತು ಆ ಯಂತ್ರವನ್ನು ಬಟ್ಟೆಯಿಂದ ಒರೆಸಿ, ಹೊಸ ಬ್ಯಾಟರಿ ಕೂರಿಸಿ, ಅವನ ಅಂಗೈಯಲ್ಲಿಟ್ಟಳು. ಮಳೆ ಬರೋ ಹಾಗಿದೆ, ಬೇಗ ಬನ್ನಿ ಎಂದಳು. ಅವನು ಅವಳ ಮುಖವನ್ನು ನೋಡಿದ, ತುಟಿಯನ್ನು ನೋಡಲಿಲ್ಲ. ಮೆಟ್ಟಿಲಿಳಿದ. ನಾವಿಬ್ಬರೂ ನಡೆದೆವು. ಅವಳು ಹಿಂದಿನಿಂದ ಇನ್ನೊಮ್ಮೆ ಕೂಗಿದಳು. ನಾನು ತಿರುಗಿ ನೋಡಿದೆ, ಅವನು ನೋಡಲಿಲ್ಲ. ಬೀದಿಯ ಮೂಲೆ ತಿರುಗಿ ಮನೆ ಮರೆಯಾದ ಮೇಲೆ ನಿಂತು, ಮುಚ್ಚಿದ ಅಂಗೈ ಬಿಚ್ಚಿ, ಯಂತ್ರವನ್ನು ಕಿವಿಗೆ ಹಾಕಿಕೊಂಡ.

"ಹ್ಞಾಂ, ಈಗ ಹೇಳು ದರ್ಜಿ" ಎಂದ.